ಸಂತೆಯ ಚೀಲದಲ್ಲಿ ಒಂದು ಭಾಷೆ

ಈ ನಗರದ ಕನ್ನಡ ಶಾಲೆಯ ವಿದ್ಯಾರ್ಥಿಯೊಬ್ಬನನ್ನು ಯಾರಾದರೂ ನಿಲ್ಲಿಸಿ, "ನಿನಗೆ ಎಷ್ಟು ಭಾಷೆಗಳು ಬರುತ್ತವೆ?" ಎಂದು ಕೇಳಿದರೆ, ಅವನು ತಲೆ ತಗ್ಗಿಸಿ, "ಕನ್ನಡವೊಂದೇ, ಇಂಗ್ಲಿಷು ಅಷ್ಟಾಗಿ ಬಾರದು" ಎಂದು ಉತ್ತರಿಸುವುದು ರೂಢಿ. ಅದೇ ಹುಡುಗನು ಮನೆಯಲ್ಲಿ ಅಜ್ಜಿಯೊಡನೆ ರಾಯಚೂರು ಸೀಮೆಯ ಕನ್ನಡವನ್ನಾಡುತ್ತಾನೆ. ಓಣಿಯ ಗೆಳೆಯರೊಡನೆ ತೆಲುಗಿನಲ್ಲಿ ಜಗಳ ಕಾಯುತ್ತಾನೆ. ಆಟೋದವರೊಡನೆ ದಖನಿಯಲ್ಲಿ ಚೌಕಾಸಿ ಮಾಡುತ್ತಾನೆ. ಹಿಂದಿಯ ಪಾಠವನ್ನೋದಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಇಷ್ಟೆಲ್ಲ ಇದ್ದೂ ತನ್ನಲ್ಲಿರುವುದು ಒಂದೇ ಎಂದು ಅವನು ತಿಳಿದಿರುವುದು, ಕಣಜದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನೆರೆಮನೆಗೆ ಕಾಳು ಸಾಲ ಕೇಳಲು ಹೊರಟವನ ಸ್ಥಿತಿಯಂತೆ ನನಗೆ ತೋರುತ್ತದೆ. ಆ ಬೀಗದ ಕೈ ಎಷ್ಟು ದೂರದ ಬಾಗಿಲನ್ನು ತೆರೆಯಬಲ್ಲುದೆಂಬುದನ್ನು ಸ್ಪ್ಯಾನಿಷ್ ಭಾಷೆಯ ಉದಾಹರಣೆಯಿಂದ ತಿಳಿಸುವುದೇ ಈ ಬರಹದ ಉದ್ದೇಶ.

ನಾನು ಹುಟ್ಟಿದುದು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಹಿರಿಯರು ಇಂದಿಗೂ ‘ಮೆಟ್ರಿಕ್’ ಎಂದೇ ಕರೆಯುವ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿ, ಉಪಾಧ್ಯಾಯ ವೃತ್ತಿಯ ತರಬೇತಿಯನ್ನು ಪಡೆದು, ಜೀವನೋಪಾಯಕ್ಕಾಗಿ ಇಲ್ಲಿಗೆ ಬಂದೆ. 1956ರ ನವೆಂಬರ್ 1ರವರೆಗೆ ರಾಯಚೂರು, ಬೀದರ, ಕಲಬುರಗಿಗಳಿಗೆ ಹೈದರಾಬಾದೇ ರಾಜಧಾನಿಯಾಗಿದ್ದುದರಿಂದ ನಮ್ಮ ಕಡೆಯವರಿಗೆ ಈ ಊರು ಪರದೇಶವೇನೂ ಅಲ್ಲ. ಆದರೂ ಬಂದ ಮೊದಲ ವರುಷ ನಾಲ್ಕು ಜನ ಸೇರಿದೆಡೆಯಲ್ಲಿ ಬಾಯಿ ತೆರೆಯಲು ನಾನೂ ಹಿಂಜರಿದವನೇ. ಆದಕಾರಣ ನಿಮ್ಮ ತಲೆತಗ್ಗಿಸುವಿಕೆಯು ನನಗೆ ಪರಿಚಿತವಾದುದು.

ನೆರೆಯ ಬಡಾವಣೆಯ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತಾರೆಂಬ ಸುದ್ದಿಯು ಒಮ್ಮೆ ನಮ್ಮ ಎಂಟನೆಯ ತರಗತಿಗೂ ತಲುಪಿತು. ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಆ ಭಾಷಾ ನಮ್ಮಂಥವರಿಗೆ ಬರ್ತದೇನ್ರಿ?" ಎಂದು ಕೇಳಿದಳು. ಭಾಷೆಯನ್ನು ಕುರಿತು ಕೇಳಿದುದು ನನಗೆ ಸಂತೋಷವನ್ನೇ ಕೊಟ್ಟಿತು. ‘ನಮ್ಮಂಥವರು’ ಎಂಬ ಮಾತು ಮಾತ್ರ ಮುಳ್ಳಿನಂತೆ ಚುಚ್ಚಿತು. ಅದಕ್ಕೆ ಬಾಯಿಮಾತಿನ ಉತ್ತರ ಸಾಲದೆಂದು, ಸಂಜೆಯ ಹೊತ್ತು ಒಬ್ಬರಲ್ಲಿ ಪಾಠ ಹೇಳಿಸಿಕೊಂಡು, ಪುಸ್ತಕಗಳನ್ನು ತಿರುವಿ, ಆ ಭಾಷೆಯನ್ನು ನಾನೇ ಮೊದಲು ಕಲಿಯತೊಡಗಿದೆನು.

ವಿದೇಶೀ ಭಾಷೆಗಳ ಕಲಿಕೆಗೆ ನಮ್ಮ ನಗರ ಹೊಸತಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿ, ತಾರ್ನಾಕದಲ್ಲಿರುವ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷನ್ನೂ ಕಲಿಸುತ್ತಾರೆ. 1958ರಲ್ಲಿ ಇಂಗ್ಲಿಷಿಗಾಗಿ ಮಾತ್ರ ಆರಂಭವಾದ ಆ ಸಂಸ್ಥೆಯು ಬೆಳೆದು, 2007ರಲ್ಲಿ ವಿಶ್ವವಿದ್ಯಾಲಯವಾಯಿತು. ಅದರ ಆರಂಭಕಾಲದ ನಿರ್ದೇಶಕರಲ್ಲಿ ಒಬ್ಬರು ಯಾರು ಬಲ್ಲಿರಾ? ನಮ್ಮ ಕವಿ ವಿನಾಯಕ ಕೃಷ್ಣ ಗೋಕಾಕರು! ದೇಶಕ್ಕೆಲ್ಲ ಇಂಗ್ಲಿಷ್ ಉಪಾಧ್ಯಾಯರನ್ನು ಸಿದ್ಧಪಡಿಸುವ ಸಂಸ್ಥೆಯನ್ನು ನಡೆಸಿದ ಅದೇ ಗೋಕಾಕರು, ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ದೊರೆಯಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಗೂ ಅಧ್ಯಕ್ಷರಾಗಿದ್ದರು. ಎರಡು ಭಾಷೆಗಳ ಪ್ರೀತಿ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇರಬಲ್ಲುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿಯು ನಮಗೆ ಬೇಕಿಲ್ಲ.

ಸುಮಾರು 20 ದೇಶಗಳಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆಯಾಗಿದೆ. ಅಂತಹ ಭಾಷೆಯನ್ನು ವಾರಕ್ಕೊಂದು ಗಂಟೆಯಲ್ಲಿ ಪೂರ್ತಿ ಕಲಿಸಿಬಿಡುವೆನೆಂಬ ಭ್ರಮೆಯು ನನಗಿರಲಿಲ್ಲ. ಅದರ ಹೊಸ್ತಿಲವರೆಗೆ ಮಕ್ಕಳನ್ನು ಕರೆದೊಯ್ಯುವುದಷ್ಟೇ ನನ್ನ ಇಚ್ಛೆ. ಅದಕ್ಕೆ ಪಠ್ಯಪುಸ್ತಕವಾಗಲಿ ಯಂತ್ರವಾಗಲಿ ನಮ್ಮಲ್ಲಿರಲಿಲ್ಲ. ಆದುದರಿಂದ ಶನಿವಾರದ ಕೊನೆಯ ಗಂಟೆಗೆ ಪ್ರತಿಯೊಬ್ಬರೂ ಮನೆಯ ಸಂತೆಯ ಚೀಲದಿಂದ ಒಂದೊಂದು ವಸ್ತುವನ್ನು ತರಬೇಕೆಂದು ಹೇಳಿದೆನು. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು, ಮಕ್ಕಳ ವಿದ್ಯೆಯು ಕೈಗೆಲಸದ ಮೂಲಕ, ಮಾತೃಭಾಷೆಯಲ್ಲಿ ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರಷ್ಟೆ. ಕೈಯಲ್ಲಿ ಹಿಡಿದುದು ತಲೆಯಲ್ಲಿಯೂ ನಿಲ್ಲುವುದೆಂಬುದು ವಿದೇಶೀ ಭಾಷೆಯ ವಿಷಯದಲ್ಲಿಯೂ ನಿಜವೇ ಎಂದು ನೋಡಬೇಕಾಗಿತ್ತು.

ಮೊದಲ ಶನಿವಾರ ಮೇಜಿನ ಮೇಲೆ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಪಪ್ಪಾಯಿ, ಸೀತಾಫಲ, ಶೇಂಗಾ ಎಲ್ಲವೂ ಬಂದು ಕುಳಿತವು. "ಇವುಗಳಲ್ಲಿ ನಮ್ಮ ದೇಶದವು ಯಾವುವು?" ಎಂದು ಕೇಳಿದೆನು. "ಎಲ್ಲಾ ನಮ್ಮವೇ ರೀ" ಎಂಬ ಉತ್ತರ ಒಕ್ಕೊರಲಿನಿಂದ ಬಂದಿತು. ನಿಜವೆಂದರೆ ಅವುಗಳಲ್ಲಿ ಒಂದೂ ನಮ್ಮ ಮಣ್ಣಿನಲ್ಲಿ ಹುಟ್ಟಿದುದಲ್ಲ. 1492ರಲ್ಲಿ ಕೊಲಂಬಸನು ಸ್ಪೇನಿನ ಹಡಗುಗಳೊಂದಿಗೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಅಮೆರಿಕದ ಈ ಬೆಳೆಗಳು ಹೊರ ಜಗತ್ತಿಗೆ ಬಂದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಸರ ಕಾಲದಿಂದ ಕ್ರಮೇಣ ನಮ್ಮ ಹೊಲಗಳನ್ನೂ ಸೇರಿದವು. ಮೊಅಜ್ಜಮ್ ಜಾಹಿ ಮಾರ್ಕೆಟ್ಟಿನ ಬಳಿ ಬುಟ್ಟಿಬುಟ್ಟಿಯಾಗಿ ಮಾರುವ ಸೀತಾಫಲಕ್ಕೆ ರಾಮಾಯಣದ ಹೆಸರಿದ್ದರೂ ಆ ಮರದ ತಾಯ್ನಾಡು ಅಮೆರಿಕವೇ. ‘ತೊಮಾತೆ’ ಎಂಬ ಸ್ಪ್ಯಾನಿಷ್ ಪದವು ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದುದು. ಆಲೂಗಡ್ಡೆಗೆ ಸ್ಪೇನಿನಲ್ಲಿ ‘ಪತಾತಾ’ ಎನ್ನುತ್ತಾರೆಂದು ಹೇಳುತ್ತಲೇ, ಬೆಳಗಾವಿ ಕಡೆಯ ಹುಡುಗನೊಬ್ಬನು, "ಸರ್, ನಮ್ಮ ಮನ್ಯಾಗ ಬಟಾಟಿ ಅಂತಾರಲ್ರಿ!" ಎಂದು ಕೂಗಿದನು. ಹೌದು, ಆ ಮನೆಯ ಬಟಾಟಿಯು ಪೋರ್ತುಗೀಸರ ‘ಬತಾತಾ’. ಪೋರ್ತುಗೀಸ್ ಮತ್ತು ಸ್ಪ್ಯಾನಿಷ್ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು.

ಅಂದು ಮಕ್ಕಳಿಗೆ ಹೆಚ್ಚು ಹಿಡಿಸಿದುದು ಮೆಣಸಿನಕಾಯಿಯ ಕಥೆ. ನಮ್ಮ ಪೂರ್ವಿಕರಿಗೆ ಮೆಣಸೆಂದರೆ ಬಳ್ಳಿಯಲ್ಲಿ ಬಿಡುವ ಕಾಳುಮೆಣಸು. ಕಡಲಾಚೆಯಿಂದ ಹೊಸ ಖಾರದ ಕಾಯಿ ಬಂದಾಗ ಅದಕ್ಕೆ ಹೊಸ ಹೆಸರನ್ನು ಹುಡುಕದೆ, ‘ಮೆಣಸಿನಕಾಯಿ’ ಎಂದುಬಿಟ್ಟರು. ಸ್ಪೇನಿನವರೂ ಹಾಗೆಯೇ ಮಾಡಿದರು! ಕಾಳುಮೆಣಸಿಗೆ ಅವರಲ್ಲಿ ‘ಪಿಮಿಯೆಂತಾ’ ಎಂದು ಹೆಸರು. ಹೊಸ ಕಾಯಿಯನ್ನು ಕಂಡು ಕೊನೆಯ ಸ್ವರವನ್ನಷ್ಟೇ ಬದಲಿಸಿ ‘ಪಿಮಿಯೆಂತೊ’ ಎಂದರು. ಒಬ್ಬರನ್ನೊಬ್ಬರು ಕಾಣದ ಎರಡು ದೇಶದ ಅಡಿಗೆಮನೆಗಳು, ನಾಲಗೆ ಸುಟ್ಟ ಕೂಡಲೆ, ಒಂದೇ ಬಗೆಯಲ್ಲಿ ಯೋಚಿಸಿದವು. ಮಾತಿಗೆ ಮಾತು ಸಾಲವನ್ನು ನಾವು ತೀರಿಸಿಯೂ ಇದ್ದೇವೆ. ಸ್ಪ್ಯಾನಿಷಿನ ‘ಮಾಂಗೊ’ ಎಂಬುದು ಮಾವನ್ನು ಸೂಚಿಸುವ ದಕ್ಷಿಣದ ದ್ರಾವಿಡ ಪದವೇ ಕಡಲು ದಾಟಿದುದು.

ಎರಡನೆಯ ಶನಿವಾರ ಅಡಿಗೆಮನೆಯನ್ನು ಬಿಟ್ಟು ಮನೆಯ ಒಳಕ್ಕೆ ಹೋದೆವು. ‘ಆರ್ಮಾರಿಯೊ’ ಎಂದರೆ ಅಲಮಾರಿ. ‘ಬಾಲ್ದೆ’ ಎಂದರೆ ಬಾಲ್ದಿ. ‘ಕಾಮಿಸಾ’ ಎಂದರೆ ಅಂಗಿ, ಅಂದರೆ ಕಮೀಜು. ‘ಆಸೂಕಾರ್’ ಎಂದರೆ ಸಕ್ಕರೆ. ಈ ಕೊನೆಯ ಪದವು ಸಂಸ್ಕೃತದ ಶರ್ಕರದಿಂದ ಹೊರಟು, ಪಾರಸಿ ಅರಬ್ಬೀ ನಾಡುಗಳನ್ನು ಹಾದು ಸ್ಪೇನನ್ನು ಸೇರಿದುದು. ‘ಪಾಗಾರ್’ ಎಂದರೆ ಹಣ ಕೊಡುವುದು ಎಂದೊಡನೆ, "ನಮ್ಮಪ್ಪನ ಪಗಾರ!" ಎಂದು ಹಿಂದಿನ ಸಾಲಿನಿಂದ ದನಿ ಬಂದಿತು. ಇವು ಹೆಚ್ಚಾಗಿ ಪೋರ್ತುಗೀಸರ ಮತ್ತು ಅರಬ್ಬರ ದಾರಿಯಿಂದ ನಮಗೂ ಅವರಿಗೂ ಹಂಚಿಕೆಯಾದ ಮಾತುಗಳು.

ಇನ್ನು ಉಚ್ಚಾರಣೆ. ಇಲ್ಲಿಯೂ ನೀವು ಬರಿಗೈಯವರಲ್ಲ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಂತೆ ಸ್ಪಷ್ಟವಾದವು. ಅವರ ತಕಾರವು ನಮ್ಮ ‘ತ’, ಇಂಗ್ಲಿಷಿನವರ ಒರಟು ‘ಟ’ ಅಲ್ಲ. ಅವರ ಬರಹದ ಒಂದು ಅಕ್ಷರವನ್ನು ಗಂಟಲಿನಿಂದ ‘ಖ’ ಎಂದು ಉಜ್ಜಿ ನುಡಿಯಬೇಕು. ‘ಖಬರ್’ ಎಂದು ಉರ್ದು ಮಾತನ್ನು ದಿನವೂ ಕೇಳುವ ಹೈದರಾಬಾದಿನ ಮಕ್ಕಳಿಗೆ ಅದು ಕಷ್ಟವೇ? ಸಾಬೂನಿಗೆ ಅವರು ‘ಖಾಬೋನ್’ ಎನ್ನುವುದನ್ನು ನಮ್ಮ ಹುಡುಗರು ಮೊದಲ ಸಲಕ್ಕೇ ಸರಿಯಾಗಿ ನುಡಿದರು. ಸ್ಪ್ಯಾನಿಷಿನಲ್ಲಿ ಎರಡು ರಕಾರಗಳಿವೆ. ಮೆಲ್ಲಗೆ ‘ಪೆರೊ’ ಎಂದರೆ ‘ಆದರೆ’ ಎಂದರ್ಥ, ರಕಾರವನ್ನು ಅದುರಿಸಿ ‘ಪೆಱೊ’ ಎಂದರೆ ನಾಯಿ! ಹಳಗನ್ನಡದಲ್ಲಿಯೂ ರಕಾರವಲ್ಲದೆ ಶಕಟರೇಫವೆಂಬ ‘ಱ’ ಇದ್ದಿತೆಂಬುದನ್ನು ನೀವು ವ್ಯಾಕರಣದಲ್ಲಿ ಓದಿರುವಿರಿ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಆ ಅಕ್ಷರವನ್ನು ಅಂದು ನಲವತ್ತು ನಿಮಿಷ ನಾಯಿಯ ಹೆಸರಿನಲ್ಲಿ ಅದುರಿಸಿದ ಮಕ್ಕಳು ಇನ್ನು ಮರೆಯಲಾರರು.

ನನಗೆ ಎಲ್ಲಕ್ಕಿಂತ ಆಶ್ಚರ್ಯವನ್ನುಂಟುಮಾಡಿದುದು ವಾಕ್ಯರಚನೆ. ‘ನನಗೆ ಮಾವು ಇಷ್ಟ’ ಎಂಬ ನಮ್ಮ ಸರಳವಾದ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ನನಗೆ’ ಎಂಬುದನ್ನು ಬಿಟ್ಟು ‘ನಾನು’ ಎಂದು ಆರಂಭಿಸಬೇಕಾಗುತ್ತದೆ. ಸ್ಪ್ಯಾನಿಷಿನಲ್ಲಾದರೋ ‘ಮೆ ಗುಸ್ತಾ ಎಲ್ ಮಾಂಗೊ’. ಇಲ್ಲಿ ‘ಮೆ’ ಎಂದರೆ ‘ನನಗೆ’ಯೇ; ಮಾವು ನನಗೆ ಹಿಡಿಸುತ್ತದೆಯೇ ಹೊರತು ನಾನು ಮಾವಿಗೆ ಏನನ್ನೂ ಮಾಡುವುದಿಲ್ಲ. ‘ನನಗೆ ತಲೆ ನೋಯುತ್ತದೆ’ ಎಂಬುದೂ ಹಾಗೆಯೇ. ಸಂಜೆಯ ಪಾಠದಲ್ಲಿ ನನ್ನೊಡನಿದ್ದ ಇಂಗ್ಲಿಷ್ ಮಾಧ್ಯಮದ ತರುಣರು ಈ ರಚನೆಯ ಮುಂದೆ ಬಹಳ ಹೊತ್ತು ತಡವರಿಸಿದರು. ನಾನು ಕನ್ನಡದಲ್ಲಿ ಯೋಚಿಸಿ ಒಂದೇ ಹೆಜ್ಜೆಗೆ ದಾಟಿದೆನು. ‘ಮಾತಾಡುತ್ತೇನೆ’ ಎಂದರೆ ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಸ್ಪ್ಯಾನಿಷಿನಲ್ಲಿಯೂ ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಆಬ್ಲಾಮೊಸ್’ ಎಂದರೆ ‘ಮಾತಾಡುತ್ತೇವೆ’. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಇಲ್ಲಿ ಗೆಳೆಯನಿಗೆ ‘ತೂ’, ಹಿರಿಯರಿಗೆ ‘ಉಸ್ತೆದ್’. ಈ ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಗೌರವದ ಮಾತು ಸವೆದು ಉಳಿದುದು. ನೀನು, ನೀವು, ತಾವು ಎಂಬ ಮರ್ಯಾದೆಯ ಮೆಟ್ಟಿಲುಗಳನ್ನು ತೊಟ್ಟಿಲಿನಲ್ಲಿಯೇ ಕಲಿತವರಿಗೆ ಇದನ್ನು ವಿವರಿಸಬೇಕೆ?

ಮುಂದಿನ ಒಂದು ಶನಿವಾರ, ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿಯವರು ಶಾಲೆಗೆ ಬಂದು ರೊಟ್ಟಿ ಬಡಿದರು. ಮೆಕ್ಸಿಕೋದವರ ಮುಖ್ಯ ಆಹಾರವಾದ ‘ತೊರ್ತಿಯಾ’ ಮೆಕ್ಕೆಜೋಳದ ರೊಟ್ಟಿ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು, ಅರೆದು, ಆ ಹಿಟ್ಟನ್ನು ತಟ್ಟಿ ಹಂಚಿನ ಮೇಲೆ ಸುಡುತ್ತಾರೆ. ನಾವು ಅಂಗಡಿಯ ಮೆಕ್ಕೆಜೋಳದ ಹಿಟ್ಟನ್ನು ತಂದಿದ್ದೆವು. ಆ ತಾಯಿಯವರು ಹಿಟ್ಟನ್ನು ಮುಟ್ಟಿ ನೋಡಿದವರೇ, "ಇದು ಹರೀತದ್ರಿ ಸರ್, ಕುದಿಯೋ ನೀರು ಬೇಕು" ಎಂದರು. ಬಿಸಿನೀರಿಗೆ ‘ಆಗ್ವಾ ಕಾಲಿಯೆಂತೆ’ ಎಂದು ಹಲಗೆಯ ಮೇಲೆ ಬರೆದೆನು. ನೀರಿನ ಪಾತ್ರೆಯನ್ನು ಮುಟ್ಟಿದ ಹುಡುಗನೊಬ್ಬನು ಬೆರಳನ್ನು ಹಿಂದಕ್ಕೆಳೆದುಕೊಂಡು, "ಕಾಲಿಯೆಂತೆ!" ಎಂದು ಕೂಗಿಬಿಟ್ಟನು. ಆ ಪದಕ್ಕೆ ಮತ್ತೆ ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ. ಸ್ಪೇನ್ ದೇಶದಲ್ಲಿ ‘ತೊರ್ತಿಯಾ’ ಎಂದರೆ ಆಲೂಗಡ್ಡೆ ಹಾಕಿ ಮಾಡುವ ಮೊಟ್ಟೆಯ ತಿಂಡಿಯೆಂದು ಹೇಳಿದಾಗ ಮಕ್ಕಳು ಬೆರಗಾಗಲಿಲ್ಲ. ರೊಟ್ಟಿ ಎಂದರೆ ನಮ್ಮಲ್ಲಿ ಜೋಳದ್ದು, ಮೈಸೂರು ಕಡೆ ರಾಗಿಯದು, ಮಲೆನಾಡಿನಲ್ಲಿ ಅಕ್ಕಿಯದು ಎಂಬುದನ್ನು ಅವರೇ ನನಗೆ ನೆನಪಿಸಿದರು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ‘ಪಿನ್ಯಾತಾ’ ಆಟವನ್ನಾಡಿದೆವು. ಬಣ್ಣದ ಕಾಗದವನ್ನು ಅಂಟಿಸಿದ ಮಡಕೆಯಲ್ಲಿ ಸಿಹಿತಿಂಡಿಯನ್ನು ತುಂಬಿ ಮೇಲೆ ತೂಗುಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿದ ಮಗುವು ಕೋಲಿನಿಂದ ಅದನ್ನು ಒಡೆಯುವ ಮೆಕ್ಸಿಕೋದ ಹಬ್ಬದಾಟವಿದು. ಗೋಕುಲಾಷ್ಟಮಿಯ ಮೊಸರುಗಡಿಗೆಯ ದೂರದ ನೆಂಟನೆನ್ನಬಹುದು. ನಮ್ಮ ನಿಯಮವೊಂದೇ: ದಾರಿ ತೋರಿಸುವವರು ಸ್ಪ್ಯಾನಿಷಿನಲ್ಲಿಯೇ ಕೂಗಬೇಕು. ‘ದೆರೇಚಾ’ ಎಂದರೆ ಬಲಕ್ಕೆ, ‘ಇಸ್ಕಿಯೆರ್ದಾ’ ಎಂದರೆ ಎಡಕ್ಕೆ, ‘ಅಱೀಬಾ’ ಎಂದರೆ ಮೇಲಕ್ಕೆ. ವರುಷವೆಲ್ಲ ತುಟಿ ಬಿಚ್ಚದಿದ್ದ ಹುಡುಗನೊಬ್ಬನು ಅಂದು ಎಲ್ಲರಿಗಿಂತ ಗಟ್ಟಿಯಾಗಿ ‘ಅಱೀಬಾ!’ ಎಂದನು. ಮಡಕೆ ಒಡೆದು ಶೇಂಗಾ ಚಿಕ್ಕಿಗಳು ಸುರಿದವು. ಎಡಬಲಗಳನ್ನು ಆ ತರಗತಿಯಲ್ಲಿ ಇಂದಿಗೂ ಯಾರೂ ತಪ್ಪುವುದಿಲ್ಲ.

ಇದನ್ನೆಲ್ಲ ಓದಿ, ಎಲ್ಲವೂ ಮಂಗಳವಾಯಿತೆಂದು ನೀವು ಭಾವಿಸಬಾರದು. ‘ನಮ್ಮಂಥವರು’ ಎಂದು ಕೇಳಿದ್ದ ಆ ಹುಡುಗಿಯ ತಂದೆ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಗೌಂಡಿ ಕೆಲಸ ಮಾಡುವವರು. ಒಂದು ಶನಿವಾರ ಬಾಗಿಲಲ್ಲಿ ನಿಂತು, ನಮ್ಮ ತರಗತಿಯ ಸಂತೆಯಲ್ಲಿ ಮಗಳು ‘ಕ್ವಾಂತೊ ಕ್ವೆಸ್ತಾ?’ ಎಂದು ಬೆಲೆ ಕೇಳಿ ಚೌಕಾಸಿ ಮಾಡುವುದನ್ನು ನೋಡಿದರು; ನಕ್ಕರು. ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, "ಛಲೋ ಅನಸ್ತು ಸರ್. ಆದರ ಇದು ಇಂಗ್ಲಿಷ್ ಅಲ್ಲಲ್ರಿ?" ಎಂದರು. "ಅಲ್ಲ" ಎಂದೆ. "ನಾಳೆ ನೌಕರಿಗೆ ಹೋದಾಗ ಕೇಳೋದು ಇಂಗ್ಲಿಷೇ ಅಲ್ಲೇನ್ರಿ? ನಾ ಬಿಸಿಲಾಗ ನಿಂತಂಗ ಆಕಿ ನಿಲ್ಲಬಾರದು ನೋಡ್ರಿ" ಎಂದರು. ಜೂನ್ ತಿಂಗಳಲ್ಲಿ ಬಂದು ಮಗಳ ಟಿ.ಸಿ. ತೆಗೆದುಕೊಂಡು ಹೋದರು.

ಅವರ ಮಾತನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಸಿಮೆಂಟು ಹೊತ್ತ ಹೆಗಲಿಗೆ ತನ್ನ ಭಯವನ್ನು ಹೇಳುವ ಹಕ್ಕಿದೆ. ಇಂಗ್ಲಿಷು ಬೇಕು, ಅದನ್ನು ನೀವು ಚೆನ್ನಾಗಿಯೇ ಕಲಿಯಬೇಕು. ಆದರೆ ಭಾಷೆಯು ಅಂಗಿಯಲ್ಲ, ಒಂದನ್ನು ಕಳಚಿ ಮತ್ತೊಂದನ್ನು ತೊಡುವುದಕ್ಕೆ. ಅದು ಹೆಚ್ಚಾಗಿ ಮರಕ್ಕೆ ಕಟ್ಟುವ ಕಸಿಯಂತೆ. ತಾಯಿಬೇರು ಗಟ್ಟಿಯಾಗಿದ್ದರೆ ಹೊಸ ಕೊಂಬೆ ಕಚ್ಚಿಕೊಳ್ಳುತ್ತದೆ. ಈ ಮಾತನ್ನು ಅವರಿಗೆ ಅಂದು ಹೇಳಿದ್ದರೂ ಅವರ ನಿರ್ಧಾರವು ಬದಲಾಗುತ್ತಿರಲಿಲ್ಲವೆಂದು ಬಲ್ಲೆ. ಅದನ್ನು ಮಾತಿನಿಂದಲ್ಲ, ನಿಮ್ಮ ಬಾಳಿನಿಂದ ತೋರಿಸಬೇಕಾಗಿದೆ.

ದಸರೆಯ ರಜೆಯಲ್ಲಿ ಆ ಹುಡುಗಿಯು ನಮ್ಮನ್ನೆಲ್ಲ ಕಾಣಲು ಬಂದಿದ್ದಳು. ಕೈಯಲ್ಲಿ ಹಳೆಯ ನೋಟುಪುಸ್ತಕವಿತ್ತು. ಕನ್ನಡ, ತೆಲುಗು, ಹಿಂದಿ, ಸ್ಪ್ಯಾನಿಷ್ ಎಂದು ನಾವು ನಾಲ್ಕು ಅಂಕಣಗಳನ್ನು ಎಳೆಸಿದ್ದೆವು. ಅವಳು ಐದನೆಯದನ್ನು ಇಂಗ್ಲಿಷಿಗಾಗಿ ಸೇರಿಸಿದ್ದಳು. "ಅಲ್ಲಿ ಸ್ಪ್ಯಾನಿಷ್ ಇಲ್ರಿ ಸರ್. ಯಾರೂ ಇದನ್ನ ಕೇಳಂಗಿಲ್ಲ. ಆದರ ನಾ ಬರೀತೀನ್ರಿ" ಎಂದಳು. ಅವಳ ಕೊನೆಯ ಸಾಲು ಕಿಟಕಿಯದು: ಸ್ಪ್ಯಾನಿಷಿನಲ್ಲಿ ‘ವೆಂತಾನಾ’, ಇಂಗ್ಲಿಷಿನಲ್ಲಿ ‘ವಿಂಡೊ’. "ಇವು ಯಾಕ ಹಿಂಗ ಒಂದ ನಮೂನಿ ಕೇಳಸ್ತಾವ್ರಿ?" ಎಂಬುದು ಅವಳ ಸಂದೇಹ. ‘ವೆಂತಾನಾ’ ಲ್ಯಾಟಿನ್ ಭಾಷೆಯ ಗಾಳಿ ಎಂಬ ಪದದಿಂದ ಬಂದುದು. ‘ವಿಂಡೊ’ ಎಂದರೆ ಗಾಳಿಯ ಕಣ್ಣು ಎಂದು ಮೂಲದ ಅರ್ಥ. ನಮ್ಮ ಗವಾಕ್ಷವಾದರೋ ಗೋವಿನ ಕಣ್ಣು ಎಂದು ವಿವರಿಸಿದೆನು. ಅವಳು ಅದನ್ನೂ ಬರೆದುಕೊಂಡಳು.

ವಿದ್ಯಾರ್ಥಿಗಳೇ, ನೀವೂ ಅಂತಹ ಒಂದು ಪುಸ್ತಕವನ್ನು ಇಡಿರಿ. ಬರುವ ಭಾನುವಾರ ತಾಯಿಯವರು ಮಾರ್ಕೆಟ್ಟಿನಿಂದ ತಂದ ಚೀಲವನ್ನು ನೀವೇ ಬಿಚ್ಚಿ, ಒಂದೊಂದು ಕಾಯಿಯನ್ನೂ ಕೈಯಲ್ಲಿ ಹಿಡಿದು, ಅದಕ್ಕೆ ಮನೆಯಲ್ಲಿ ಏನೆನ್ನುವರು, ಓಣಿಯಲ್ಲಿ ಏನೆನ್ನುವರು, ಅದು ಯಾವ ನಾಡಿನಿಂದ ಬಂದಿತು ಎಂದು ಹಿರಿಯರನ್ನು ಕೇಳಿರಿ. ಕೇಳಿದುದನ್ನು ಕನ್ನಡದ ಅಕ್ಷರಗಳಲ್ಲಿ ಬರೆಯಿರಿ. ಹತ್ತು ಪದಗಳಾದ ಮೇಲೆ ಪುಸ್ತಕವನ್ನು ನನ್ನ ಬಳಿಗೆ ತನ್ನಿರಿ. ಸ್ಪ್ಯಾನಿಷಿನ ಅಂಕಣವನ್ನು ಒಟ್ಟಿಗೆ ಕುಳಿತು ತುಂಬೋಣ. ಶನಿವಾರದ ಕೊನೆಯ ಗಂಟೆಯಲ್ಲಿ ನಾನು ಎಂಟನೆಯ ತರಗತಿಯ ಕೋಣೆಯಲ್ಲಿಯೇ ಇರುತ್ತೇನೆ.